ಕೆರೆ ದಂಡೆಗೊಂದು ಖಾನಾವಳಿ: ಹಾಕುವವರಿಗೂ ಉಣ್ಣುವವರಿಗೂ

"ಅಣ್ಣಾರ, ಕೆರಿ ದಂಡಿ ಮ್ಯಾಲೆ ಒಂದು ಹೋಟ್ಲ ಹಾಕಬೇಕಂತ ಮಾಡೇನಿ. ಏನೇನ ಬೇಕಾಕ್ಕಾವ್ರಿ?"

ದೀಪಾವಳಿಗೆ ಊರಿಗೆ ಹೋದಾಗ ಸಂಬಂಧದ ಹುಡುಗನೊಬ್ಬ ಹೀಗೆ ಕೇಳಿದ. ಹುಬ್ಬಳ್ಳಿಯ ಹೋಟೆಲಿನಲ್ಲಿ ಆರು ವರ್ಷ ದುಡಿದು, ಒಂದಿಷ್ಟು ದುಡ್ಡು ಕೂಡಿಸಿಕೊಂಡು ತಿರುಗಿ ಬಂದವನು. ಅಂದು ನನ್ನ ಬಾಯಿಗೆ ಬಂದ ಉತ್ತರ ಅರ್ಧಂಬರ್ಧವಾಗಿತ್ತು. ಆಮೇಲೆ ಪುರಸಭೆ, ಅಬಕಾರಿ ಕಚೇರಿ, ಖಾನಾವಳಿ ನಡೆಸುವವರು, ಗಾಡಿ ಅಂಗಡಿಯವರು ಎಂದು ಸುತ್ತಿ ಕೇಳಿ ತಿಳಿದುಕೊಂಡೆ. ನಮ್ಮ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಊರುಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರಿಗೆಂದೇ ಇದನ್ನು ಬರೆದಿದ್ದೇನೆ.

ಪ್ರಶ್ನೆ ಈಗ ಏಳಲು ಕಾರಣವಿದೆ. ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆ ತುಂಗೆಯ ಉತ್ತರ ದಂಡೆಯನ್ನು ನಡೆದಾಡುವ ಜಾಗವಾಗಿ ಮಾಡಿದ್ದನ್ನು ನಮ್ಮ ಭಾಗದವರು ಹೋಗಿ ನೋಡಿ ಬಂದಿದ್ದಾರೆ. ಹುಬ್ಬಳ್ಳಿಯ ಉಣಕಲ್ ಕೆರೆ ಎಲ್ಲರಿಗೂ ಗೊತ್ತಿರುವಂಥದ್ದು. ಕೇಂದ್ರದ ಅಮೃತ್ 2.0 ಯೋಜನೆ ಸಣ್ಣ ಪಟ್ಟಣಗಳನ್ನೂ ಸೇರಿಸಿಕೊಂಡಿದೆ, ಅದರಲ್ಲಿ ಕೆರೆಗಳಿಗೆ ಜೀವ ತುಂಬುವ ಕೆಲಸಕ್ಕೂ ಜಾಗವಿದೆ. ಹೀಗಾಗಿ ಕೆರೆ ಏರಿ, ದೀಪ, ಕಲ್ಲುಹಾಸು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅಲ್ಲೊಂದು ಹೋಟೆಲ್, ಪಕ್ಕದಲ್ಲೊಂದು ಬಾರ್ ಎಂಬ ಲೆಕ್ಕಾಚಾರವೂ ಶುರುವಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಂಡೆಗೆ ಬರುವ ಊಟ ನಮ್ಮ ಊರಿನ ಅಡುಗೆಮನೆಯಿಂದಲೇ ಬರಲಿ, ದಂಡೆಯಿಂದ ಒಂದು ಹನಿ ಎಂಜಲು ನೀರೂ ಕೆರೆಗೆ ಇಳಿಯದಿರಲಿ. ಈ ಎರಡನ್ನೂ ಮಾಡಬಲ್ಲೆ ಎನ್ನುವವರು ಮುಂದೆ ಓದಿ.

ಮೊದಲು ನೀರನ್ನು ನೋಡಿಕೊಳ್ಳಿ

ನಾಲ್ಕೂ ಊರುಗಳ ನೀರಿನ ಗುಣ ಬೇರೆ ಬೇರೆ. ಹಾನಗಲ್ ಧರ್ಮಾ ನದಿಯ ದಂಡೆಯ ಊರು, ಹಳೆಯ ಪಾನುಂಗಲ್ಲು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಲು ಬಂದಾಗ ಬೀಡುಬಿಟ್ಟದ್ದು ಇಲ್ಲಿನ ಆನಿಕೆರೆಯ ಬಳಿ ಎಂದು ಶಾಸನ ಹೇಳುತ್ತದೆ. ಎಂಟು ನೂರು ವರ್ಷಗಳ ಹಿಂದೆ ಒಂದು ದಂಡಿಗೆ ಕುಡಿಯಲು ಸಾಕಾದ ನೀರು ಅದು. ತಾರಕೇಶ್ವರ ದೇವಸ್ಥಾನದ ಚಾವಣಿಯ ಕಮಲದ ಭುವನೇಶ್ವರಿ ನೋಡಲು ಹೊರಗಿನವರು ಬರುತ್ತಾರೆ, ಹೆಚ್ಚಿನವರು ಒಂದು ತಾಸಿನಲ್ಲಿ ನೋಡಿ ಹೊರಟುಬಿಡುತ್ತಾರೆ. ಅವರನ್ನು ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿಕೊಳ್ಳುವ ಎಲೆ ಹಾನಗಲ್ಲಿಗೆ ಬೇಕು. ಇಲ್ಲಿ ಊಟದ ಹೋಟೆಲ್ ಹಾಕುವವನಿಗೆ ಸಂಜೆಗಿಂತ ಮಧ್ಯಾಹ್ನವೇ ಮುಖ್ಯ.

ಸವಣೂರಿನದು ನವಾಬರ ಕಾಲದ ಮೋತಿ ತಲಾಬ. 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೆ ಇದೊಂದು ಸಂಸ್ಥಾನ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಇಲ್ಲಿ, 1909ರಲ್ಲಿ. ಸತ್ಯಬೋಧ ಸ್ವಾಮಿಗಳ ವೃಂದಾವನಕ್ಕೆ ಬರುವವರು, ದೊಡ್ಡಹುಣಸೆ ಮಠದ ಆನೆಗಾತ್ರದ ಮರಗಳನ್ನು ನೋಡಲು ಬರುವವರು, ಸಂತೆಗೆ ಬರುವವರು ಎಂದು ದಿನವಿಡೀ ಜನ ಓಡಾಡುವ ಊರು. ಆ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಕ್ರೇನ್ ತರಿಸಿ ಅದನ್ನು ಎತ್ತಿ ಮತ್ತೆ ನೆಟ್ಟರು. ಒಂದು ಮರಕ್ಕಾಗಿ ಅಷ್ಟು ಕಷ್ಟಪಟ್ಟ ಜನ ತಲಾಬಿನ ನೀರನ್ನೂ ಉಳಿಸಿಕೊಳ್ಳಬಲ್ಲರು ಎಂಬ ನಂಬಿಕೆ ನನಗಿದೆ.

ಹಿರೇಕೆರೂರಿನ ಹೆಸರಲ್ಲೇ ಕೆರೆಯಿದೆ. ದುರ್ಗಾದೇವಿಯ ಗುಡಿ, ಅವಳ ಹೆಸರಿನ ಕೆರೆ, ಊರು ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಮಾಸೂರಿನ ಕಡೆ ಹೋದರೆ ಗುಡ್ಡಗಳ ನಡುವೆ ಮದಗದ ಕೆರೆ. ಕುಮುದ್ವತಿ ಹರಿದು ಬರುವ ದಾರಿ ಅದು. ಮಳೆಗಾಲದಲ್ಲಿ ಕೋಡಿ ಬಿದ್ದಾಗ ಅಲ್ಲಿ ನೀರು ಧುಮುಕುವುದನ್ನು ನೋಡಲು ಜನ ಬರುತ್ತಾರೆ. ಆ ತಿಂಗಳುಗಳಲ್ಲಿ ಬಿಸಿ ಮಿರ್ಚಿ, ಚಹಾದ ಗಾಡಿಗೆ ಅಲ್ಲಿ ಒಳ್ಳೆ ವ್ಯಾಪಾರ, ಉಳಿದ ಕಾಲದಲ್ಲಿ ಇಲ್ಲ. ಅಂಥ ಕಡೆ ಗೋಡೆ ಎಬ್ಬಿಸಿ ಹೋಟೆಲ್ ಕಟ್ಟುವುದು ದುಡ್ಡು ಮಣ್ಣು ಮಾಡಿದಂತೆ.

ಶಿಗ್ಗಾಂವಿಗೆ ನದಿಗಿಂತ ರಸ್ತೆಯೇ ಆಸರೆ. ಪುಣೆ, ಬೆಂಗಳೂರು ನಡುವಿನ ಹೆದ್ದಾರಿ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಮತ್ತು ಜಾನಪದ ವಿಶ್ವವಿದ್ಯಾಲಯ, ಬಾಡದಲ್ಲಿ ಕನಕದಾಸರ ಜನ್ಮಸ್ಥಳ, ಶಿಶುವಿನಹಾಳದಲ್ಲಿ ಶರೀಫರ ಗದ್ದುಗೆ, ಬಂಕಾಪುರ ಕೋಟೆಯೊಳಗೆ ನಗರೇಶ್ವರ ಗುಡಿ ಮತ್ತು ನವಿಲುಗಳು. ಇಷ್ಟೆಲ್ಲ ಒಂದೇ ತಾಲೂಕಿನಲ್ಲಿದ್ದರೂ ಕುಟುಂಬ ಕರೆದುಕೊಂಡು ಬಂದವರು ಊಟಕ್ಕೆ ಹೆದ್ದಾರಿಯ ಡಾಬಾ ಹುಡುಕುತ್ತಾರೆ.

ಜಾಗ: ಏರಿಯ ಮೇಲೆ ಬೇಡ, ಎದುರಿಗೆ ಹುಡುಕಿ

ಕೆರೆ ಏರಿಯ ಮೇಲೆ ಅಂಗಡಿ ಕಟ್ಟುವ ಆಸೆ ಬಿಟ್ಟುಬಿಡಿ. ಏರಿ ಎಂದರೆ ಮಣ್ಣಿನ ಕಟ್ಟೆ. ಅದರ ಮೇಲೆ ಪಾಯ ತೋಡುವುದು, ಕೊಳವೆ ಹಾಯಿಸುವುದು ಕಟ್ಟೆಗೇ ಅಪಾಯ. ಕಾನೂನೂ ಒಪ್ಪುವುದಿಲ್ಲ. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕು ಎಂದಿತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರ ಬದಲಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಸಭೆಗೆ ಬಂತು. ಆದ್ದರಿಂದ ನೀವು ನೋಡಿದ ಜಾಗಕ್ಕೆ ಎಷ್ಟು ಅಂತರ ಎಂಬುದನ್ನು ತಹಶೀಲ್ದಾರರ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ದಲ್ಲಾಳಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಮುಂಗಡ ಕೊಡಬೇಡಿ. ಸರ್ವೆ ನಕಾಶೆಯಲ್ಲಿ ಕೆರೆಯ ಗಡಿ ಎಲ್ಲಿದೆ ಎಂದು ನೋಡಿ. ಈಗ ನೀರು ನಿಂತ ಜಾಗವೇ ಗಡಿ ಎಂದುಕೊಂಡವರು ಮೋಸ ಹೋಗಿದ್ದಾರೆ.

ನದಿಯ ಪಕ್ಕವಾದರೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ವರದಾ, ಧರ್ಮಾ ಎರಡೂ ಉಕ್ಕಿ ಹರಿದದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಆಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಲ್ಲಿನ ಮನೆಯ ಅಜ್ಜಿಯರನ್ನು ಕೇಳಿ. ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಅದಕ್ಕಿಂತ ಎತ್ತರದಲ್ಲಿ ಜಾಗ ಹುಡುಕಿ.

ಇನ್ನು ಬರದ ಮಾತು. 2023ರಂಥ ವರ್ಷದಲ್ಲಿ ಕೆರೆಯಲ್ಲಿ ನೀರೇ ಉಳಿಯುವುದಿಲ್ಲ. ನೀರಿನ ನೋಟವನ್ನೇ ನಂಬಿ ಬಾಡಿಗೆ ಒಪ್ಪಿಕೊಂಡವನ ಗತಿ ಆಗ ಏನು? ಕೆರೆ ಬತ್ತಿದರೂ ಜನ ಹಾಯುವ ರಸ್ತೆ, ಅಂದರೆ ಬಸ್ ನಿಲ್ದಾಣ, ಸಂತೆ, ಕಚೇರಿ, ಗುಡಿಗೆ ಹೋಗುವ ದಾರಿ, ಕೆರೆಗೂ ಎದುರಾಗಿರುವಂಥ ಜಾಗವೇ ಸರಿಯಾದ ಜಾಗ. ಹಾನಗಲ್, ಸವಣೂರು, ಶಿಗ್ಗಾಂವಿಗಳಲ್ಲಿ ಪುರಸಭೆ, ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯಿತಿ ತಮ್ಮ ಮಳಿಗೆಗಳನ್ನು ಹರಾಜಿನಲ್ಲಿ ಬಾಡಿಗೆಗೆ ಕೊಡುತ್ತವೆ. ಹರಾಜಿನ ಪ್ರಕಟಣೆಗೆ ಕಣ್ಣಿಟ್ಟಿರಿ, ಹುರುಪಿನಲ್ಲಿ ಕೂಗಬೇಡಿ. ಮನೆಯಲ್ಲೇ ಒಂದು ಮಿತಿ ಬರೆದುಕೊಂಡು ಹೋಗಿ.

ಜಾಗ ಗೊತ್ತು ಮಾಡುವ ಮೊದಲು ಹದಿನೈದು ದಿನ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಅಲ್ಲಿ ಕೂತು ಜನರನ್ನು ಎಣಿಸಿ. ಗಂಡಸರೆಷ್ಟು, ಮನೆಮಂದಿ ಸಮೇತ ಬಂದವರೆಷ್ಟು, ಹುಡುಗರೆಷ್ಟು ಎಂದು ಬೇರೆ ಬೇರೆ ಬರೆಯಿರಿ. ನನ್ನನ್ನು ಕೇಳಿದ ಆ ಹುಡುಗ ಹಾಗೆ ಎಣಿಸಿದ. ಐದರಿಂದ ಆರೂವರೆವರೆಗೆ ಬರುವವರಲ್ಲಿ ನಡೆದಾಡುವ ಹೆಂಗಸರೇ ಹೆಚ್ಚು ಎಂದು ಗೊತ್ತಾಯಿತು. ಅವನ ತಲೆಯಲ್ಲಿದ್ದ ಚೈನೀಸ್ ಫಾಸ್ಟ್‌ಫುಡ್ ಆ ಲೆಕ್ಕದ ಹಾಳೆಯಲ್ಲೇ ಕರಗಿಹೋಯಿತು.

ಗಾಡಿಯಿಂದ ಶುರು ಮಾಡಿ

ಮೊದಲ ವರ್ಷ ಗಾಡಿ ಸಾಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳ ಪ್ರತಿನಿಧಿಗಳೇ ಆಗಿರಬೇಕು. ಸಮೀಕ್ಷೆಯಲ್ಲಿ ಹೆಸರು ಬರೆಸಿ ಪ್ರಮಾಣಪತ್ರ, ಗುರುತಿನ ಚೀಟಿ ಪಡೆದುಕೊಳ್ಳಿ. ಅದಿದ್ದರೆ ಯಾರೋ ಬಂದು ಗಾಡಿ ಎತ್ತಿಸುವ ಭಯ ಕಡಿಮೆ. ಅದೇ ಚೀಟಿಯ ಮೇಲೆ ಪಿಎಂ ಸ್ವನಿಧಿ ಸಾಲಕ್ಕೂ ಅರ್ಜಿ ಹಾಕಬಹುದು. 2020ರಲ್ಲಿ ಶುರುವಾದ ಈ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ. ಮೊದಲ ಕಂತು 15,000 ರೂಪಾಯಿ, ಸರಿಯಾಗಿ ತೀರಿಸಿದರೆ 25,000, ಅದನ್ನೂ ತೀರಿಸಿದರೆ 50,000. ಒತ್ತೆ ಇಡಬೇಕಾಗಿಲ್ಲ.

ಗಾಡಿಯಲ್ಲಿ ಮಿರ್ಚಿ, ಗಿರ್ಮಿಟ್, ಚಹಾ. ಇಷ್ಟೇ. ಕಡ್ಲಿಹಿಟ್ಟು ಕಲಸುವ ಹದ, ಮೆಣಸಿನಕಾಯಿಯ ಖಾರ, ಎಣ್ಣೆಯ ಕಾವು ಮೂರರಲ್ಲಿ ಒಂದು ತಪ್ಪಿದರೂ ನಮ್ಮ ಜನ ಎರಡನೇ ಸಲ ಬರುವುದಿಲ್ಲ. ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುವುದು ಗಿರಾಕಿ ಬಂದ ಮೇಲೆ, ಮೊದಲೇ ಹೆಚ್ಚಿಟ್ಟದ್ದು ನೀರು ಬಿಟ್ಟು ಚುರುಮುರಿ ಮೆತ್ತಗಾಗುತ್ತದೆ.

ಏನು ಬಡಿಸಬೇಕು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸೋತ ಹೋಟೆಲುಗಳು ಹೆಚ್ಚಾಗಿ ಇಲ್ಲೇ ಸೋತಿವೆ. ಸಣ್ಣ ಊರಲ್ಲಿ ಹೊಸ ಹೋಟೆಲ್ ಎಂದರೆ ಪನೀರು, ಗೋಬಿ, ನೂಡಲ್ಸ್ ಎಂದೇ ಮೆನು ಬರೆಯುತ್ತಾರೆ. ಅದನ್ನು ಮಾಡುವ ಅಡುಗೆಭಟ್ಟ ಹೊರಗಿನಿಂದ ಬರಬೇಕು. ಅವನ ಪಗಾರ ದೊಡ್ಡದು, ಹಬ್ಬಕ್ಕೆ ಊರಿಗೆ ಹೋದವನು ತಿರುಗಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಆದರೆ ಜೋಳದ ರೊಟ್ಟಿ ಬಡಿಯುವ ಕೈಗಳು ನಮ್ಮ ಓಣಿ ಓಣಿಯಲ್ಲಿವೆ. ಖಾನಾವಳಿಯ ಬೆನ್ನೆಲುಬು ಆ ಹೆಣ್ಮಕ್ಕಳು. ಇಬ್ಬರನ್ನು ಒಳ್ಳೆಯ ಪಗಾರಕ್ಕೆ ಇಟ್ಟುಕೊಳ್ಳಿ, ಹೊಗೆ ಹೊರಹೋಗುವ ಚಿಮಣಿ ಹಾಕಿಸಿ, ಕೂತು ಬಡಿಯುವವರಿಗೆ ಕಟ್ಟೆ ಮಾಡಿಸಿಕೊಡಿ. ಮೊದಲ ದಿನ ಇಷ್ಟನ್ನು ಮಾಡಿದವನ ಖಾನಾವಳಿ ಹತ್ತು ವರ್ಷವಾದರೂ ನಡೆಯುವುದನ್ನು ಕಂಡಿದ್ದೇನೆ.

ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಅನ್ನ, ಸಾರು. ಇದು ನೆಲೆ. ಕೆಂಪು ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿ ನಮ್ಮ ಜಿಲ್ಲೆಯದೇ. ಬಣ್ಣ ಹೆಚ್ಚು, ಖಾರ ಕಡಿಮೆ, ಆದ್ದರಿಂದ ಹೊರಗಿನವರೂ ಕಣ್ಣೀರಿಲ್ಲದೆ ತಿನ್ನುತ್ತಾರೆ. ಕೃತಕ ಬಣ್ಣದ ಅಗತ್ಯವೇ ಬೀಳುವುದಿಲ್ಲ.

ಇದರ ಮೇಲೆ ಊರಿಗೊಂದು ಗುರುತು ಬೇಕು. ಹಾನಗಲ್ ಅರೆಮಲೆನಾಡು. ಭತ್ತದ ಗದ್ದೆ, ಮಾವಿನ ತೋಪು ಇರುವ ತಾಲೂಕು. ಅಲ್ಲಿ ಅನ್ನದ ಊಟವೇ ಮುಂದಿರಲಿ, ಬೇಸಗೆಯಲ್ಲಿ ಸೀಕರಣೆ ಇರಲೇಬೇಕು. ಆಪೂಸು ಹಣ್ಣನ್ನು ತೋಟದವರಿಂದ ನೇರವಾಗಿ ಕೊಂಡರೆ ಇಬ್ಬರಿಗೂ ಉಳಿಯುತ್ತದೆ.

ಸವಣೂರಿಗೆ ಹೊಸದೇನೂ ಹುಡುಕಬೇಕಾಗಿಲ್ಲ. ಶಿವಲಾಲ ಖಾರ ಎಂದು ನಾಲ್ಕೂ ದಿಕ್ಕಿಗೆ ಹೆಸರಾದ ಸವಣೂರಿನ ಖಾರ ಇದೆ. ಬೆಂಗಳೂರಿಗೆ ಹೊರಟವರು ಪೊಟ್ಟಣ ಕಟ್ಟಿಸಿಕೊಂಡೇ ಬಸ್ ಹತ್ತುತ್ತಾರೆ. ಸವಣೂರಿನ ಎಲೆಯೂ ಅಷ್ಟೇ ಪ್ರಸಿದ್ಧ. ಊಟ ಮುಗಿದ ಮೇಲೆ ಎಲೆ, ಅಡಿಕೆ, ಸುಣ್ಣದ ತಟ್ಟೆ ಮುಂದಿಡುವ ಖಾನಾವಳಿ ಮೋತಿ ತಲಾಬದ ಎದುರಿಗೆ ಇರಬೇಕು ಎಂಬುದು ನನ್ನ ಬಹುದಿನದ ಆಸೆ. ಉಗುಳುವ ಡಬ್ಬಿ ಪಕ್ಕದಲ್ಲೇ ಇರಲಿ, ಗೋಡೆ ಕೆಂಪಾಗುವುದು ಬೇಡ. ಅಲ್ಲಿನ ಮುಸ್ಲಿಂ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಬಿರಿಯಾನಿಯ ಘಮವೂ ಊರಿನ ಗುರುತೇ. ವಾರಕ್ಕೆರಡು ದಿನ ಆ ಮನೆಯವರಿಂದಲೇ ಮಾಡಿಸಿ ಮಾರುವ ಏರ್ಪಾಡು ಮಾಡಿಕೊಳ್ಳಬಹುದು.

ಹಿರೇಕೆರೂರಿನಲ್ಲಿ ಜಾತ್ರೆಯ ದಿನಗಳಿಗೆ ಬೇರೆಯೇ ಲೆಕ್ಕ. ದುರ್ಗಾದೇವಿಗೆ ಬರುವವರಲ್ಲಿ ಹೆಣ್ಮಕ್ಕಳು ಬಹಳ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುಡಿ, ಜಾತ್ರೆ ಎಂದು ಬಸ್ಸಿನಲ್ಲಿ ಹೊರಟ ಹೆಂಗಸರ ಗುಂಪು ಎಲ್ಲೆಡೆ ದೊಡ್ಡದಾಗಿದೆ. ಅವರಿಗೆ ಬೇಕಾದದ್ದು ಮೂರು. ಕೈಗೆಟಕುವ ದರದ ಊಟ, ಮಕ್ಕಳೊಂದಿಗೆ ಕೂರುವ ಜಾಗ, ಚೊಕ್ಕ ಶೌಚಾಲಯ. ಮೂರನೆಯದನ್ನು ಕೊಟ್ಟವನಿಗೆ ಮೊದಲೆರಡರ ಗಿರಾಕಿ ತಾನಾಗಿ ಬರುತ್ತದೆ. "ಬಾಗಲಾ ಹಾಕ್ಕೊಳ್ಳಾಕ ಚಿಲಕಾ ಐತೇನ್ರೀ?" ಎಂದು ಹೋಟೆಲಿನವನನ್ನು ಕೇಳಿ ಒಳಗೆ ಹೋಗಬೇಕಾದ ಪರಿಸ್ಥಿತಿ ನಮ್ಮಕ್ಕನಿಗೆ ದಾರಿಯುದ್ದಕ್ಕೂ ಬಂದಿದೆ. ಇದು ಸಣ್ಣ ಮಾತಲ್ಲ.

ಶಿಗ್ಗಾಂವಿಯಲ್ಲಿ ಮಾಂಸದೂಟಕ್ಕೆ ಗಿರಾಕಿ ಇದ್ದಾರೆ, ಹೆದ್ದಾರಿಯವರು, ಪ್ರವಾಸಿಗರು. ಹುಬ್ಬಳ್ಳಿ, ಗದಗಿನ ಸಾವಜಿ ಊಟದ ರುಚಿ ಕಂಡವರು ಅದನ್ನೇ ಕೇಳುತ್ತಾರೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮನೆಯ ಅಡುಗೆ ಅದು. ಮಸಾಲೆ ಹುರಿದು ಅರೆಯುವ ಕ್ರಮ ಕೈಯಿಂದ ಕೈಗೆ ಬಂದದ್ದು. ಬೋರ್ಡಿನ ಮೇಲೆ ಸಾವಜಿ ಎಂದು ಬರೆಸುವವರು ಅದನ್ನು ಬಲ್ಲವರ ಕೈಕೆಳಗೆ ಕಲಿತು ಬರೆಸಿ.

ದರ ಹೇಗೆ ಕಟ್ಟಬೇಕು? ಒಂದು ಉದಾಹರಣೆ ಹಾಕಿ ನೋಡೋಣ. ದಿನಕ್ಕೆ 60 ಊಟ, ಊಟಕ್ಕೆ 90 ರೂಪಾಯಿ ಎಂದರೆ ದಿನದ ಗಲ್ಲಾ 5,400. ತಿಂಗಳಿಗೆ 26 ದಿನ ತೆರೆದರೆ 1,40,400. ವರ್ಷಕ್ಕೆ 16,84,800. ಇದರಲ್ಲಿ ದಿನಸಿ, ಪಗಾರ, ಬಾಡಿಗೆ, ಗ್ಯಾಸ್, ಕರೆಂಟ್ ಕಳೆದು ಏನು ಉಳಿಯುತ್ತದೆ ಎಂದು ನಿಮ್ಮ ಊರಿನ ದರ ಹಾಕಿ ನೀವೇ ಬರೆಯಿರಿ. 60 ಊಟಕ್ಕೆ ಲೆಕ್ಕ ಕೂಡದಿದ್ದರೆ 100 ಊಟ ಹೋಗುತ್ತದೆ ಎಂಬ ಕನಸಿನ ಮೇಲೆ ಸಾಲ ಮಾಡಬೇಡಿ.

ಕಾಗದ ಪತ್ರ

ಇವು ಹೆದರಿಸುವಷ್ಟು ದೊಡ್ಡವಲ್ಲ. ಪುರಸಭೆಯಿಂದ ಉದ್ದಿಮೆ ಪರವಾನಗಿ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ, ವ್ಯಾಪಾರ ದೊಡ್ಡದಾದರೆ ಪರವಾನಗಿ. ಆಗ ಸಿಗುವ 14 ಅಂಕಿಗಳ ಸಂಖ್ಯೆಯನ್ನು ಗಿರಾಕಿಗೆ ಕಾಣುವಂತೆ ಹಾಕಬೇಕು. ಗಾಡಿಯವರಿಗೂ ಈ ನೋಂದಣಿ ಬೇಕು. ಕೆಲಸಗಾರರನ್ನು ಇಟ್ಟುಕೊಂಡರೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ. ಮೇಲಿನ ಉದಾಹರಣೆಯ ಖಾನಾವಳಿ ಆ ಗೆರೆಯ ಕೆಳಗೇ ಇದೆ ಎಂಬುದನ್ನು ಗಮನಿಸಿ. ಹೆಸ್ಕಾಂನಲ್ಲಿ ಮೀಟರನ್ನು ವಾಣಿಜ್ಯಕ್ಕೆ ಬದಲಿಸಿಕೊಳ್ಳಿ. ಮನೆಯ ಕೆಂಪು ಸಿಲಿಂಡರ್ ಹೋಟೆಲಿಗೆ ತರಬೇಡಿ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ತನ್ನಿ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಗಿದೆ. ನಮ್ಮ ಊರುಗಳಲ್ಲಿ ಪೂರ್ತಿ ಕನ್ನಡವೇ ಇರಲಿ, ಹೆಸರೂ ಕನ್ನಡದ್ದೇ ಆಗಲಿ.

ರೊಟ್ಟಿ, ಚಟ್ನಿಪುಡಿ, ಖಾರ ಮಾಡಿ ಪೊಟ್ಟಣ ಕಟ್ಟಿ ಮಾರುವ ಸಣ್ಣ ಘಟಕಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಸಹಾಯಧನವಿದೆ. ಕೃಷಿ ಇಲಾಖೆಯ ಕಚೇರಿಯಲ್ಲಿ ಈ ವರ್ಷದ ನಿಯಮ ಕೇಳಿ. ಸ್ತ್ರೀಶಕ್ತಿ ಗುಂಪುಗಳಿಗೆ ಇದು ಖಾನಾವಳಿಗಿಂತ ಹಗುರವಾದ ದಾರಿ.

ಬಾರ್ ಹಾಕುವ ಮಾತು

ಹಲವರು ಇದನ್ನು ಪಿಸುಮಾತಿನಲ್ಲಿ ಕೇಳುತ್ತಾರೆ, ಬಿಚ್ಚಿಯೇ ಹೇಳುತ್ತೇನೆ. ಮದ್ಯದ ಪರವಾನಗಿಗಳಲ್ಲಿ ಬಗೆಗಳಿವೆ. ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಅಲ್ಲೇ ಕೂತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಬಾರ್ ಆ್ಯಂಡ್ ರೆಸ್ಟೋರೆಂಟ್. ಸಿಎಲ್-7 ತಂಗುವ ಕೋಣೆಗಳಿರುವ ಹೋಟೆಲಿಗೆ. ಸಿಎಲ್-11ಸಿ ಸರ್ಕಾರಿ ಎಂಎಸ್ಐಎಲ್ ಮಳಿಗೆಗೆ. ಸಿಎಲ್-2, ಸಿಎಲ್-9ಕ್ಕೆ ಸರ್ಕಾರ 1990ರ ದಶಕದಿಂದ ಹೊಸದಾಗಿ ಪರವಾನಗಿ ಕೊಡುವುದನ್ನು ನಿಲ್ಲಿಸಿತ್ತು. ಇದ್ದವೇ ಕೈ ಬದಲಾಗುತ್ತ ಬಂದವು, ಬೆಲೆಯೂ ಏರುತ್ತ ಹೋಯಿತು. ಹಂಚಿಕೆಯಾಗದೆ ಉಳಿದವನ್ನು ಹರಾಜು ಹಾಕುವುದಾಗಿ 2025ರ ಬಜೆಟ್ಟಿನಲ್ಲಿ ಸರ್ಕಾರ ಹೇಳಿತು. ಆದ್ದರಿಂದ "ಲೈಸನ್ಸ್ ಕೊಡಸ್ತೀನಿ" ಎಂದು ಮುಂಗಡ ಕೇಳುವ ಮಧ್ಯವರ್ತಿಯನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಅಬಕಾರಿ ಇಲಾಖೆಯ ಕಚೇರಿಗೆ ನೀವೇ ಹೋಗಿ.

ಇನ್ನು ಜಾಗದ ನಿಯಮ. ಗುಡಿ, ಮಸೀದಿ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಇಲ್ಲ. ನಮ್ಮ ಕೆರೆಗಳ ದಂಡೆಗಳನ್ನು ನೆನೆದು ನೋಡಿ. ಹಿರೇಕೆರೂರಿನಲ್ಲಿ ದುರ್ಗಾದೇವಿ, ಉಳಿದ ಕಡೆ ಒಂದೊಂದು ದಂಡೆಗೆ ಹನುಮಪ್ಪ, ದರ್ಗಾ, ಮಠ, ಅದರ ಹಿಂದೆ ಶಾಲೆ. ಅಳತೆಪಟ್ಟಿ ಹಿಡಿದರೆ ಜಾಗ ಉಳಿಯುವುದೇ ಅಪರೂಪ. ಹೆದ್ದಾರಿಗೂ ನಿರ್ಬಂಧವಿದೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ದೂರ ಎಂದಿತು, ಮರುವರ್ಷ ಸಣ್ಣ ಊರುಗಳಿಗೆ 220 ಮೀಟರ್ ಎಂದು ಇಳಿಸಿತು, ಆಮೇಲೆ ಪುರಸಭೆ ಮಿತಿಯೊಳಗಿನವರಿಗೆ ಸಡಿಲಿಕೆಯ ಸ್ಪಷ್ಟನೆ ಕೊಟ್ಟಿತು. ಶಿಗ್ಗಾಂವಿಯವರು ತಮ್ಮ ಜಾಗ ಊರ ಮಿತಿಯ ಒಳಗೋ ಹೊರಗೋ ಎಂದು ಮೊದಲು ನೋಡಿಕೊಳ್ಳಬೇಕು.

ಲೆಕ್ಕದ ಮಾತೂ ಇದೆ. ಮದ್ಯ ಕೊಡದ ಹೋಟೆಲ್ ಜಿಎಸ್‌ಟಿಯ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ 5 ಕಟ್ಟಿ ಸರಳವಾಗಿ ಮುಗಿಸಬಹುದು, ಮದ್ಯ ಕೊಡುವವರಿಗೆ ಆ ದಾರಿಯಿಲ್ಲ.

ನನ್ನ ಮನಸ್ಸಿನಲ್ಲಿರುವುದನ್ನೂ ಹೇಳುತ್ತೇನೆ. 2007ರ ಜುಲೈ 1ರಂದು ಸಾರಾಯಿ ನಿಂತಾಗ ನಮ್ಮ ಹಳ್ಳಿಯ ಹೆಣ್ಮಕ್ಕಳು ಉಸಿರು ಬಿಟ್ಟದ್ದನ್ನು ಕಂಡವನು ನಾನು. ಸಂಜೆ ಐದಕ್ಕೆ ಅವರು ಭಯವಿಲ್ಲದೆ ನಡೆದಾಡುವ ಒಂದೇ ಜಾಗ ಕೆರೆಯ ಏರಿ. ಬಾರ್ ನಡೆಸುವುದು ಕಾನೂನುಬದ್ಧ ವ್ಯಾಪಾರವೇ, ಅದನ್ನು ಪೇಟೆಯ ಇನ್ನೊಂದು ಬದಿಗೆ ಹಾಕಿಕೊಳ್ಳಿ. ಏರಿಯನ್ನು ಅವರಿಗೆ ಬಿಟ್ಟುಕೊಡಿ.

ಎಂಜಲು ನೀರು ಎಲ್ಲಿಗೆ ಹೋಗುತ್ತದೆ

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಒಲೆ ಹಚ್ಚಬೇಡಿ. ಪಾತ್ರೆ ತೊಳೆದ ನೀರಿನಲ್ಲಿ ಎಣ್ಣೆ, ಸೋಪು, ಅನ್ನ ಇರುತ್ತವೆ. ಅದು ಚರಂಡಿ ಸೇರಿ, ಚರಂಡಿ ಕೆರೆ ಸೇರಿದರೆ ನೀರಿನ ಮೇಲೆ ಪಾಚಿ, ಅಂತರಗಂಗೆ ಹಬ್ಬುತ್ತವೆ. ನೀರಿನ ಉಸಿರು ಕಟ್ಟಿ ಮೀನು ತೇಲುತ್ತವೆ, ನಾಲ್ಕನೇ ವರ್ಷಕ್ಕೆ ವಾಸನೆಗೆ ಹೆದರಿ ನಡೆದಾಡುವವರೇ ಬರುವುದಿಲ್ಲ. ಯಾವ ನೋಟವನ್ನು ನಂಬಿ ಅಂಗಡಿ ಹಾಕಿದಿರೋ ಅದನ್ನು ನಿಮ್ಮದೇ ಬಚ್ಚಲು ತಿಂದುಹಾಕಿರುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಪಾತ್ರೆ ತೊಳೆಯುವ ಮೊದಲು ಎಂಜಲನ್ನು ಬಕೆಟ್ಟಿಗೆ ಒರೆಸಿ ಹಾಕಿ, ಅದು ದನಕ್ಕೋ ತಿಪ್ಪೆಗೋ ಹೋಗಲಿ. ತೊಳೆದ ನೀರು ಹೊರಹೋಗುವಲ್ಲಿ ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿ. ನಡುವೆ ಅಡ್ಡಗೋಡೆಯಿರುವ ಎರಡು ಅಂಕಣದ ಸಣ್ಣ ತೊಟ್ಟಿ ಸಾಕು. ಎಣ್ಣೆ ಹಗುರ, ಮೇಲೆ ತೇಲುತ್ತದೆ, ಅದನ್ನು ಆಗಾಗ ಬಳಿದು ತೆಗೆಯಬೇಕು. ಕೆಳಗಿನ ನೀರು ಇಂಗುಗುಂಡಿಗೋ ಒಳಚರಂಡಿಗೋ ಹೋಗಲಿ, ಕೆರೆಗೆ ಇಳಿಯುವ ತೆರೆದ ಗಟಾರಿಗೆ ಬೇಡ. ಇಂಗುಗುಂಡಿ ಕುಡಿಯುವ ನೀರಿನ ಬೋರಿನಿಂದ ದೂರ ಇರಲಿ. ಶೌಚದ ಗುಂಡಿ ಬೇರೆಯೇ ಇರಬೇಕು.

ಮಿರ್ಚಿ ಕರಿದ ಎಣ್ಣೆಯ ವಿಷಯ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶ ಹೆಚ್ಚುತ್ತ ಹೋಗುತ್ತದೆ. ಅದು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಗಾಡಿಯವರ ಹತ್ತಿರ ಅಳೆಯುವ ಯಂತ್ರ ಇರುವುದಿಲ್ಲ. ಕಣ್ಣೇ ಅಳತೆ. ಎಣ್ಣೆ ಕಪ್ಪಾಗಿ, ಅಂಟಾಗಿ, ಕಾಯುವ ಮೊದಲೇ ಹೊಗೆಯಾಡಿ, ನೊರೆ ನಿಂತರೆ ಅದರ ಕಾಲ ಮುಗಿಯಿತು. ಡಬ್ಬಿಯಲ್ಲಿ ಕೂಡಿಟ್ಟು ಬಯೋಡೀಸೆಲ್‌ಗೆ ಕೊಳ್ಳುವವರಿಗೆ ಕೊಡಿ, ಗಟಾರಕ್ಕೆ ಸುರಿಯಬೇಡಿ, ಇನ್ನೊಬ್ಬ ಗಾಡಿಯವನಿಗೆ ಅಗ್ಗಕ್ಕೆ ಮಾರಬೇಡಿ.

ಪ್ಲಾಸ್ಟಿಕ್ ಲೋಟ, ಚಮಚೆ, ತಟ್ಟೆ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಸ್ಟೀಲಿನ ತಟ್ಟೆ, ಮುತ್ತುಗದ ಪತ್ರೋಳಿ, ಬಾಳೆ ಎಲೆ ನಮಗೆ ಹೊಸವೇ? ಚುರುಮುರಿಗೆ ಅಚ್ಚಿನ ಮಸಿಯ ಪೇಪರ್ ಪೊಟ್ಟಣವೂ ಬೇಡ. ಕುಡಿಯುವ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ, ಚೀಟಿಯನ್ನು ಗಲ್ಲಾದ ಹಿಂದೆ ಅಂಟಿಸಿ.

ಉಣ್ಣಲು ಬರುವವರಿಗೆ

ನಾಲ್ಕೂ ಊರು ನೋಡಬೇಕೆಂದರೆ ಎರಡು ದಿನ ಇಟ್ಟುಕೊಳ್ಳಿ, ಮಳೆ ಮುಗಿದು ಚಳಿ ಶುರುವಾಗುವ ತಿಂಗಳುಗಳು ಒಳ್ಳೆಯವು. ಆಗ ಕೆರೆ ತುಂಬಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಹುಬ್ಬಳ್ಳಿ ಕಡೆಯಿಂದ ಬರುವವರು ಬೆಳಿಗ್ಗೆ ಗೊಟಗೋಡಿ, ಬಾಡ ಮುಗಿಸಿ ಬಂಕಾಪುರದ ಕೋಟೆಯಿಂದ ಸವಣೂರಿಗೆ ಬಂದು ಊಟ ಮಾಡಿ. ಸಂಜೆ ತಲಾಬು, ಖಾರದ ಪೊಟ್ಟಣ, ಒಂದು ಕವಳಿ ಎಲೆ. ಮರುದಿನ ಹಾನಗಲ್ಲಿನ ತಾರಕೇಶ್ವರ ಮತ್ತು ಆನಿಕೆರೆ, ಅಲ್ಲಿಂದ ಹಿರೇಕೆರೂರು. ಸಮಯ ಉಳಿದರೆ ಮಾಸೂರಿನ ಮದಗದ ಕೆರೆ. ತಂಗಲು ಹಾವೇರಿಯೇ ಅನುಕೂಲ. ಖಾನಾವಳಿಯಲ್ಲಿ ರೊಟ್ಟಿ ಮಧ್ಯಾಹ್ನ ಎರಡರ ಒಳಗೆ ಕೇಳಿದರೆ ಬಿಸಿ ಸಿಗುತ್ತದೆ, ತಡವಾದರೆ ಕಟಕ ರೊಟ್ಟಿ. ಅದರ ರುಚಿಯೂ ಬೇರೆ, ಮೊಸರಿನಲ್ಲಿ ಅದ್ದಿ ತಿನ್ನಿ. ನಿಮ್ಮ ಬಾಟಲಿಯನ್ನು ನೀವೇ ತನ್ನಿ, ಖಾಲಿಯಾದದ್ದನ್ನು ನೀವೇ ಒಯ್ಯಿರಿ.

ಆ ಹುಡುಗ ಈಗ ಏನು ಮಾಡುತ್ತಿದ್ದಾನೆ ಎಂದರೆ, ಏರಿಯಿಂದ ರಸ್ತೆ ದಾಟಿದರೆ ಸಿಗುವ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ್ದಾನೆ. ನಾಲ್ಕೂವರೆಗೆ ಎಣ್ಣೆ ಕಾಯಿಸುತ್ತಾನೆ. ಅವನ ತಾಯಿ ಪಕ್ಕದಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಾಳೆ. ಗಾಡಿಯ ಕೆಳಗೆ ಎರಡು ಡಬ್ಬಿಗಳಿವೆ, ಒಂದರಲ್ಲಿ ಎಂಜಲು, ಇನ್ನೊಂದರಲ್ಲಿ ಕರಿದ ಎಣ್ಣೆ. ಮೊನ್ನೆ ಹೋದಾಗ ಸ್ವನಿಧಿಯ ಎರಡನೇ ಕಂತಿನ ಅರ್ಜಿ ಕೈಯಲ್ಲಿ ಹಿಡಿದುಕೊಂಡು, "ರೊಟ್ಟಿ ಬಡಿಯಾಕ ಯಾರರ ಅಕ್ಕಾರು ಇದ್ರ ಹೇಳ್ರಿ ಅಣ್ಣಾರ" ಎಂದ.